ಮಕ್ಕಳ ಮೈನಸ್ ಏರಿಕೆಗೆ ಕಡಿವಾಣ: ನನ್ನ ಅನುಭವ

ಉಡುಪಿಯ ನನ್ನ ಪುಟ್ಟ ಕ್ಲಿನಿಕ್ಕಿಗೆ ಬರುವ ಮಕ್ಕಳಲ್ಲಿ ಮೈನಸ್ ಪವರ್, ಅಂದರೆ ದೂರದ್ದು ಮಸುಕಾಗುವ ಸಮೀಪದೃಷ್ಟಿಯ ನಂಬರ್, ಏರುವ ವೇಗ ಈಗ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಇದು ಆಗಹೋಗುವ ಕೆಲಸವಲ್ಲವೆಂದು ನಕ್ಕಿದ್ದ ಸಹೋದ್ಯೋಗಿಗಳೇ ಈಗ ತಮ್ಮ ಮಕ್ಕಳನ್ನು ನನ್ನಲ್ಲಿಗೆ ಕರೆತರುತ್ತಿದ್ದಾರೆ.

ಮೊದಲಿಗೆ ನಾನೂ ಎಲ್ಲರಂತೆ ಫೋಕಸ್‌ನ ಬೆನ್ನು ಹತ್ತಿದ್ದೆ. ಓದುವಾಗ ಮಗುವಿನ ಫೋಕಸ್ ಪುಸ್ತಕಕ್ಕೆ ಪೂರ್ತಿ ಹೊಂದದೆ ತುಸು ಹಿಂದುಳಿಯುತ್ತದೆ, ಆ ಮಸುಕೇ ಕಣ್ಣುಗುಡ್ಡೆಯನ್ನು ಉದ್ದವಾಗಿಸುತ್ತದೆ ಎಂಬ ವಾದವನ್ನು ನಂಬಿ, ಕಣ್ಣಿಗೆ ಬೆಳಕು ಹಾಯಿಸಿ ನೋಡುವ ರೆಟಿನೋಸ್ಕೋಪಿಯಲ್ಲಿ ಈ ಹಿಂದುಳಿಕೆ (ಲ್ಯಾಗ್) ಹೆಚ್ಚು ಕಂಡ ಮಕ್ಕಳಿಗೆಲ್ಲ ಮೇಲೆ ದೂರಕ್ಕೆ, ಕೆಳಗೆ ಓದಿಗೆ ಪವರ್ ಇರುವ ಪ್ರೋಗ್ರೆಸಿವ್ ಮಸೂರ ಬರೆದೆ. ಜೋಡಿಗೆ ಆಗ ಸುಮಾರು 4,000 ರೂಪಾಯಿ ಬೀಳುತ್ತಿತ್ತು. ಮಕ್ಕಳೋ ತಲೆ ಬಗ್ಗಿಸಿ, ದೂರಕ್ಕೆಂದಿದ್ದ ಮೇಲ್ಭಾಗದಿಂದಲೇ ಓದುತ್ತಿದ್ದರು. ಅಮೆರಿಕದಲ್ಲಿ 469 ಮಕ್ಕಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಕಾಮೆಟ್ ಅಧ್ಯಯನದಲ್ಲಿಯೂ ಇಂಥ ಮಸೂರದಿಂದ ಮೂರು ವರ್ಷಕ್ಕೆ ದಕ್ಕಿದ ಲಾಭ ಬರೀ 0.20 ಡಯಾಪ್ಟರ್ (ಮಸೂರದ ಪವರಿನ ಅಳತೆ). ನನ್ನ ಲೆಕ್ಕವೂ ಅದಕ್ಕಿಂತ ಮೇಲೇರಲಿಲ್ಲ. ಪವರ್ ಕಡಿಮೆ ಕೊಟ್ಟರೆ ಕಣ್ಣು ಸುಧಾರಿಸುತ್ತದೆಂಬ ಪೋಷಕರ ಹಟಕ್ಕಂತೂ ನಾನು ಮಣಿಯಲಿಲ್ಲ. 2002ರ ಮಲೇಷ್ಯಾದ ಪ್ರಯೋಗದಲ್ಲಿ ಹಾಗೆ ಮಾಡಿದ ಮಕ್ಕಳ ಪವರೇ ಹೆಚ್ಚು ವೇಗವಾಗಿ ಏರಿತ್ತು.

ನನ್ನ ದಿಕ್ಕು ಬದಲಿಸಿದ್ದು ಪ್ರಯೋಗಾಲಯದ ಕೋಳಿಮರಿ. ನಮ್ಮಲ್ಲಿ ಫೋಕಸ್ ಮಾಡುವ ಸಿಲಿಯರಿ ಸ್ನಾಯುವನ್ನು ಸಡಿಲಿಸುವ ಅಟ್ರೋಪಿನ್ ಔಷಧ ಅದರ ಸಿಲಿಯರಿ ಸ್ನಾಯುವಿನ ಮೇಲೆ ಕೆಲಸ ಮಾಡುವುದಿಲ್ಲ. ಆದರೂ ಅದೇ ಔಷಧ ಅದರ ಸಮೀಪದೃಷ್ಟಿಯನ್ನು ತಡೆಯುತ್ತದೆ. ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರ ಕತ್ತರಿಸಿದರೂ ಅದರ ಕಣ್ಣು ಮುಂದಿಟ್ಟ ಮಸೂರಕ್ಕೆ ತಕ್ಕಂತೆ ಬೆಳೆಯುತ್ತದೆ. ಅಂದರೆ ಬೆಳೆಸುವ ಸೂಚನೆ ಹೊರಡುವುದು ಕಣ್ಣಿನ ಹಿಂಬದಿಯ ಅಕ್ಷಿಪಟಲದಿಂದಲೇ (ರೆಟಿನಾ) ಹೊರತು ಫೋಕಸ್ ಮಾಡುವ ಸ್ನಾಯುವಿನಿಂದಲ್ಲ.

ಆ ಬಳಿಕ, ಫೋಕಸ್ ಅಳತೆಯನ್ನು ಕೆಡಿಸದಿರಲೆಂದು, ಸೈಕ್ಲೋಪೆಂಟೊಲೇಟ್ ಹನಿ ಹಾಕಿ ಫೋಕಸನ್ನು ಸಡಿಲಿಸದೆ ಯಾವ ಮಗುವಿಗೂ ಮೈನಸ್ ಬರೆಯುತ್ತಿಲ್ಲ. ಶಾಲೆಯ ಪರೀಕ್ಷೆಯ ದಿನಗಳಲ್ಲಿ ಯಂತ್ರ ಮೈನಸ್ 1.50 ತೋರಿಸಿದ ಹುಡುಗಿಯೊಬ್ಬಳಿಗೆ ಹನಿಯ ನಂತರ ಉಳಿದದ್ದು 0.50 ಮಾತ್ರ. ಕಣ್ಣುಗುಡ್ಡೆಯ ಉದ್ದ ಅಳೆಯಲು ಸೆಕೆಂಡ್ ಹ್ಯಾಂಡ್ ಬಯೋಮೀಟರನ್ನು ಆರು ಲಕ್ಷದ ಆಸುಪಾಸಿನಲ್ಲಿ ಸಾಲ ಮಾಡಿ ತಂದೆ. ಆ ದುಡ್ಡಿಗೆ ಕಾರು ಬರುತ್ತಿತ್ತೆಂದು ಮನೆಯಲ್ಲಿ ಇಂದಿಗೂ ಮಾತಿದೆ. ವರ್ಷಕ್ಕೆ 0.3 ಮಿಲಿಮೀಟರಿನಷ್ಟು ಬೆಳೆಯುತ್ತಿದ್ದ ಕಣ್ಣುಗಳು ಅಂಚಿನಲ್ಲಿ ಡಿಫೋಕಸ್ ಕೊಡುವ, ಅಂದರೆ ಅಂಚಿನ ಬೆಳಕನ್ನು ಅಕ್ಷಿಪಟಲದ ಮುಂದೆಯೇ ಕೂಡಿಸುವ ಮಸೂರ ಮತ್ತು ನೇತ್ರವೈದ್ಯರು ಬರೆದುಕೊಡುವ ಕಡಿಮೆ ಪ್ರಮಾಣದ ಅಟ್ರೋಪಿನ್ ಜೊತೆಯಾದ ಮೇಲೆ 0.15ರ ಹತ್ತಿರ ನಿಂತಿವೆ. ಮಕ್ಕಳು ರಾತ್ರಿಯ ಹನಿಯನ್ನು ತಪ್ಪಿಸದಂತೆ ಮಾಡುವ ಉಪಾಯವೊಂದಿದೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ನಡುವೆ ಕುತೂಹಲಕ್ಕೆ ಬೆಳಕಿನ ಪ್ರಮಾಣ ಅಳೆಯುವ ಲಕ್ಸ್ ಮೀಟರ್ ಹಿಡಿದು ಓಡಾಡಿದೆ. ಮಳೆಗಾಲದ ಆಟಿ ತಿಂಗಳ ಮೋಡದಲ್ಲಿಯೂ ಅಂಗಳದಲ್ಲಿ ಕೆಲವು ಸಾವಿರ ಲಕ್ಸ್ ಸಿಕ್ಕಿದರೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇನ್ನೂರು ಮುಟ್ಟುವುದೇ ಕಷ್ಟವಾಗಿತ್ತು. ಚೀನಾದ ಗುವಾಂಗ್‌ಝೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಕೊಟ್ಟಾಗ ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ 30.4 ಶೇಕಡ ಇತ್ತು, ಕೊಡದ ಶಾಲೆಗಳಲ್ಲಿ 39.5 ಶೇಕಡ. ಬಯಲು ಬೆಳಕಿನ ಲಾಭ ಹೆಚ್ಚಾಗಿ ಸಮೀಪದೃಷ್ಟಿ ಬರುವ ಮುನ್ನವೇ ಆದ್ದರಿಂದ, ಕನ್ನಡಕ ಹಾಕಿದವರ ತಮ್ಮ ತಂಗಿಯರಿಗೆ ನಾನು ಮಳೆ ಬಿಟ್ಟ ಹೊತ್ತಿನ ಆಟವನ್ನೇ ಬರೆದುಕೊಡುತ್ತೇನೆ.

ಹಳೆಯ ಫೋಕಸ್ ಪರೀಕ್ಷೆಯನ್ನು ಬಿಟ್ಟಿಲ್ಲ. ಅಟ್ರೋಪಿನ್ ಪ್ರಮಾಣ ಏರಿಸಿದಾಗ ಹತ್ತಿರದ ಅಕ್ಷರ ಮಸುಕಾಗುತ್ತಿದೆಯೇ ಎಂದು ತಿಳಿಯಲು ಈಗ ಅದನ್ನು ಬಳಸುತ್ತೇನೆ. ಡಿಫೋಕಸ್ ಮಸೂರದ ಜೋಡಿ 15ರಿಂದ 20 ಸಾವಿರವಾಗುವುದರಿಂದ, ಕೈಲಾಗದ ಮನೆಗಳಲ್ಲಿ ಹನಿಯೊಂದರಿಂದಲೇ ಆರಂಭಿಸುತ್ತೇವೆ.