ಶನಿವಾರ ಸಂಜೆಯ ನಾಲ್ಕು ಬಿನ್ನಹಗಳು

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಅದು ಮಂಗಳವಾರ. ಭಾನುವಾರ ನಾವು ಕಾರವಾರದ ಚರ್ಚಿನಲ್ಲಿ ಪೂಜೆಗೆ ಸೇರಿದಾಗಲೂ ಗಂಗಾವಳಿ ನದಿಯಲ್ಲಿ ಕಾಣೆಯಾದವರ ಹುಡುಕಾಟ ನಡೆದೇ ಇತ್ತು. ಅಂದಿನ ಶುಭಸಂದೇಶ ಮಾರ್ಕನ ಆರನೆಯ ಅಧ್ಯಾಯದ್ದು. ಜನರ ಗುಂಪನ್ನು ಕಂಡ ಯೇಸು, ಇವರು ಕುರುಬನಿಲ್ಲದ ಕುರಿಗಳಂತಿದ್ದಾರೆಂದು ಮರುಗುವ ಭಾಗ. ಆಮೇಲೆ ವಿಶ್ವಾಸಿಗಳ ಪ್ರಾರ್ಥನೆ ಬಂತು, ಅಂದರೆ ಒಬ್ಬರು ಒಂದೊಂದೇ ಬಿನ್ನಹ ಓದಿ ಉಳಿದವರು ಉತ್ತರಿಸುವ ಭಾಗ. ಅಚ್ಚಾದ ಪುಸ್ತಕ ತೆರೆದು ಒಬ್ಬರು ಓದಿದರು: ಜಗತ್ತಿನಲ್ಲಿ ಶಾಂತಿ ನೆಲೆಸಲಿ, ಯುವಜನರು ಸನ್ಮಾರ್ಗದಲ್ಲಿ ನಡೆಯಲಿ. ಪ್ರತಿ ಸಾಲಿಗೂ ನಾವೆಲ್ಲ ಒಂದೇ ಉಸಿರಿನಲ್ಲಿ, “ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು” ಎಂದೆವು. ಶಿರೂರಿನ ಹೆಸರು ಒಮ್ಮೆಯೂ ಬರಲಿಲ್ಲ.

ನನಗೆ ಕೋಪ ಬಂದದ್ದು ಭಕ್ತಿಯಿಂದಲ್ಲ, ವೃತ್ತಿಯಿಂದ. ಬೆಂಗಳೂರಿನ ಒಂದು ಕಂಪನಿಗಾಗಿ ಮನೆಯಲ್ಲೇ ಕುಳಿತು ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ‘ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ವಾಕ್ಯವನ್ನು ಎಷ್ಟು ಸಾವಿರ ಸಲ ಕಳುಹಿಸಿದ್ದೇನೋ ಲೆಕ್ಕವಿಲ್ಲ. ದೂರನ್ನು ಪೂರ್ತಿ ಓದದೆ ಕೊಟ್ಟ ಉತ್ತರದ ವಾಸನೆ ನನಗೆ ದೂರದಿಂದಲೇ ಹತ್ತುತ್ತದೆ. ಆ ಭಾನುವಾರ ಅದೇ ವಾಸನೆ ಪೂಜೆಯ ನಡುವೆ ಬಂತು.

ಹಾಗೆಂದು ನಾನು ಆಗ ದೊಡ್ಡ ವಿಶ್ವಾಸಿಯೇನೂ ಆಗಿರಲಿಲ್ಲ. ಮೂರು ವರ್ಷ ಬೆಂಗಳೂರಿನಲ್ಲಿದ್ದಾಗ ದೇವರ ಮೇಲೆ ಸಿಟ್ಟಿರಲಿಲ್ಲ, ದೇವರಿದ್ದಾನೋ ಇಲ್ಲವೋ ಎಂಬ ವಾದವೂ ಇರಲಿಲ್ಲ. ನೆನಪಾಗುತ್ತಿರಲಿಲ್ಲ, ಅಷ್ಟೇ. ಊರಿಗೆ ಮರಳಿದ ಮೇಲೆ ಅಜ್ಜಿಯ ಜೊತೆ ಸಂಜೆ ತೇರ್ಸ್‌ಗೆ, ಅಂದರೆ ಜಪಸರಕ್ಕೆ, ಕುಳಿತುಕೊಳ್ಳುತ್ತಿದ್ದೆ. ಮಣಿ ಎಣಿಸುವ ಕೈಯ ಪಕ್ಕದಲ್ಲೇ ಇನ್ನೊಂದು ಕೈ ಮೊಬೈಲ್ ಸರಿಸುತ್ತಿತ್ತು. ಅಜ್ಜಿಗೆ ಗೊತ್ತಿತ್ತು, ಏನೂ ಹೇಳಲಿಲ್ಲ. ಜಪ ಮುಗಿದು ನಾನು ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳಿದಾಗ ತಲೆಯ ಮೇಲೆ ಇಡುವ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಇಡುತ್ತಿದ್ದಳು.

ಪೂಜೆ ಮುಗಿದ ಮೇಲೆ ಹೋಗಿ ಫಾದರ್ ಹತ್ತಿರ ಆಕ್ಷೇಪ ಹೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. “ನೀನೇ ಬರೆ. ಆದರೆ ಒಬ್ಬನೇ ಬರೆಯಬೇಡ, ಧರ್ಮೋಪದೇಶದ ಮಕ್ಕಳನ್ನು ಕೂರಿಸಿಕೊಂಡು ಬರೆ” ಎಂದರು. ದೂರು ಹೇಳಿದವನ ಹೆಗಲಿಗೇ ನೊಗ ಬಂತು.

ಬರೆಯುವ ಮೊದಲು ನಾನು ಓದಿಕೊಳ್ಳಬೇಕಾಯಿತು. ಈ ಪ್ರಾರ್ಥನೆ ಪೂಜೆಯ ನಡುವಿನ ಅಲಂಕಾರ ಎಂದುಕೊಂಡಿದ್ದೆ. ಅದು ಆದಿ ಸಭೆಯ ಕಾಲದ ಪದ್ಧತಿ, ಮಧ್ಯದಲ್ಲಿ ಶತಮಾನಗಳ ಕಾಲ ಬಿಟ್ಟುಹೋಗಿತ್ತು, ಕಥೋಲಿಕ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ದೈವಾರಾಧನೆಯ ದಾಖಲೆಯಲ್ಲಿ ಅದನ್ನು ಮರಳಿ ತಂದಿತು. ಅದಕ್ಕೊಂದು ಕ್ರಮವೂ ಇದೆ. ಮೊದಲು ಧರ್ಮಸಭೆಗಾಗಿ, ಆಮೇಲೆ ನಾಡನ್ನು ಆಳುವವರಿಗಾಗಿ ಮತ್ತು ಲೋಕಕ್ಕಾಗಿ, ನಂತರ ಕಷ್ಟದಲ್ಲಿರುವವರಿಗಾಗಿ, ಕೊನೆಗೆ ನಮ್ಮ ಊರಿನ ಸಮುದಾಯಕ್ಕಾಗಿ. ಅಂದರೆ ಊರಿನ ಕಷ್ಟ ಹೇಳಿಕೊಳ್ಳುವುದಕ್ಕೆಂದೇ ಇಟ್ಟ ಜಾಗವನ್ನು ನಾವು ಅಚ್ಚಾದ ಪುಸ್ತಕಕ್ಕೆ ಒಪ್ಪಿಸಿದ್ದೆವು.

ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನಾವು ಬರೆಯಲು ಕುಳಿತ ಮೊದಲ ಶನಿವಾರ ಅದಾದ ಮೂರನೆಯ ದಿನ. ಚರ್ಚಿನ ಜಗುಲಿಯಲ್ಲಿ ಒಂಬತ್ತು, ಹತ್ತನೆಯ ತರಗತಿಯ ಏಳು ಮಕ್ಕಳು ಕುಳಿತಿದ್ದರು. ಅವರಲ್ಲಿ ಮೂವರು ನದಿಯ ಆಚೆ ಸದಾಶಿವಗಡದ ಕಡೆಯವರು. ಮರುದಿನದ ಬೈಬಲ್ ವಾಚನ ಪ್ರವಾದಿ ಎಲೀಯನದು. ನಡೆದು ಸೋತು, ಸಾಕಪ್ಪಾ ಬದುಕು ಎಂದು ಗಿಡದ ಕೆಳಗೆ ಮಲಗಿದವನನ್ನು ದೇವದೂತ ಎಬ್ಬಿಸಿ, ಎದ್ದು ತಿನ್ನು, ಇನ್ನೂ ದೂರ ನಡೆಯುವುದಿದೆ ಎನ್ನುತ್ತಾನೆ. ಓದಿ ಮುಗಿಸಿ, ಬರೆಯಿರಿ ಎಂದೆ.

ಒಬ್ಬ ಹುಡುಗಿ ಬರೆದಳು: ‘ಸೇತುವೆ ಕುಸಿತದಿಂದ ತೊಂದರೆಗೊಳಗಾದ ಸಮಸ್ತ ನಾಗರಿಕರಿಗಾಗಿ.’

“ಆ ಸಮಸ್ತ ನಾಗರಿಕರಲ್ಲಿ ನೀನು ಯಾರನ್ನು ನೋಡಿದ್ದೀಯ?” ಎಂದು ಕೇಳಿದೆ.

ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿದಳು. “ಅಮ್ಮನನ್ನು, ಸರ್. ಹೊಸ ಸೇತುವೆಗೆ ಟೆಂಪೊ ಹತ್ತಿದ ಕೂಡಲೇ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ದಡ ಬಂತು ಎಂದು ನಾನು ಹೇಳಿದ ಮೇಲೆ ತೆರೆಯುತ್ತಾಳೆ.”

ಸಮಸ್ತ ನಾಗರಿಕರನ್ನು ಹೊಡೆದುಹಾಕಿದೆವು. ಉಳಿದದ್ದು ಇಷ್ಟು: ‘ದಿನವೂ ಹೆದರಿಕೊಂಡೇ ಕಾಳಿ ನದಿಯನ್ನು ದಾಟುವವರಿಗಾಗಿ, ಆ ರಾತ್ರಿ ಲಾರಿಯ ಜೊತೆ ನೀರಿಗೆ ಬಿದ್ದ ಚಾಲಕನನ್ನು ಉಳಿಸಿದವರಿಗಾಗಿ ಪ್ರಾರ್ಥಿಸೋಣ.’ ಮರುದಿನ ಅವಳೇ ಓದಿದಳು. ಜನರ ಉತ್ತರ ಅರೆಕ್ಷಣ ತಡವಾಗಿ ಬಂತು. ಕೇಳಿಸಿಕೊಂಡವರ ಉತ್ತರ ಹಾಗೆಯೇ ತಡವಾಗುತ್ತದೆ ಎಂದು ನಾನು ಈಗಲೂ ನಂಬಿದ್ದೇನೆ.

ಅಲ್ಲಿಂದ ಇದು ಪ್ರತಿ ಶನಿವಾರ ಸಂಜೆ ಐದು ಗಂಟೆಯ ಕೆಲಸವಾಯಿತು. ಹಳೆಯ ಬಿಸ್ಕತ್ತಿನ ಡಬ್ಬವೊಂದಿದೆ, ಎಲ್ಲರ ಮೊಬೈಲ್ ಅದರೊಳಗೆ, ಮೊದಲು ನನ್ನದು. ಮರುದಿನದ ವಾಚನಗಳನ್ನು ಗಟ್ಟಿಯಾಗಿ ಓದುತ್ತೇವೆ. ಆಮೇಲೆ ಆ ವಾರ ಮನೆಯಲ್ಲಿ, ಕೇರಿಯಲ್ಲಿ ಏನಾಯಿತು ಎಂದು ಒಬ್ಬೊಬ್ಬರೂ ಹೇಳಬೇಕು. ಸಮಯ ಹೆಚ್ಚು ಹಿಡಿಯುವುದು ಇಲ್ಲೇ. ಬರೆಯುವುದು ಹದಿನೈದು ನಿಮಿಷದ ಕೆಲಸ. ಒಂದು ಬಿನ್ನಹ ಎರಡು ಸಾಲು ಮೀರಬಾರದು. ಮನೆಯವರು ಒಪ್ಪದೆ ಕಾಯಿಲೆಯವರ ಹೆಸರು ಹೇಳಬಾರದು. ಇದನ್ನು ಕಲಿಯುವುದಕ್ಕೆ ಒಂದು ಮನೆಯವರಿಂದ ನಾನು ಬೈಸಿಕೊಳ್ಳಬೇಕಾಯಿತು, ತಪ್ಪು ನನ್ನದೇ. ಕೊನೆಗೆ ಹಾಳೆ ಫಾದರ್ ಕೈಗೆ. ಅವರು ಬದಲಾಯಿಸುವುದು ಅಪರೂಪ, ಕಾಗುಣಿತ ತಿದ್ದುವುದು ಪ್ರತಿ ವಾರ. ನಮ್ಮ ಮಕ್ಕಳದು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮೊಬೈಲ್‌ನಲ್ಲಿ ಇಂಗ್ಲಿಷ್. ಮೂರೂ ಹಾಳೆಯ ಮೇಲೆ ಜಗಳವಾಡುತ್ತವೆ.

ಕಾಗುಣಿತದ ತಪ್ಪೇ ಇಲ್ಲದ ಹಾಳೆಯೂ ಒಂದು ದಿನ ಬಂತು. ಹತ್ತನೆಯ ತರಗತಿಯ ಹುಡುಗನೊಬ್ಬ ಮೊದಲೇ ಮುದ್ರಿಸಿಕೊಂಡು ತಂದಿದ್ದ. ನಾಲ್ಕು ಬಿನ್ನಹ, ನಾಲ್ಕೂ ಅಳೆದು ಕತ್ತರಿಸಿದಂತೆ ಒಂದೇ ಉದ್ದ. ಸಾಮರಸ್ಯ, ಸುಸ್ಥಿರ ಜೀವನ, ಕರುಣಾಳು ಹೃದಯ, ಎಲ್ಲವೂ ಇತ್ತು.

“ಚಾಟ್‌ಜಿಪಿಟಿ ಬರೆದದ್ದು, ಸರ್. ನಮಗಿಂತ ಚೆನ್ನಾಗಿದೆಯಲ್ಲ, ಮತ್ತೆ ಯಾಕೆ ಒಂದು ಗಂಟೆ ಕೂರಬೇಕು?”

ಅವನಿಗೆ ಬೈಯುವ ಹಕ್ಕು ನನಗಿರಲಿಲ್ಲ. ಕಚೇರಿಯಲ್ಲಿ ನನ್ನ ಅರ್ಧದಷ್ಟು ಉತ್ತರಗಳನ್ನು ಈಗ ಯಂತ್ರವೇ ಬರೆಯುತ್ತದೆ, ವಿಷಾದವನ್ನು ನನಗಿಂತ ನಯವಾಗಿ ವ್ಯಕ್ತಪಡಿಸುತ್ತದೆ. “ಚೆನ್ನಾಗಿದೆ” ಎಂದು ಒಪ್ಪಿಕೊಂಡೆ. “ಮೂರನೆಯದು ಕಷ್ಟದಲ್ಲಿರುವವರಿಗಾಗಿ ಎಂದಿದೆ. ಯಾರಪ್ಪಾ ಅವರು?”

“ಯಾರಾದರೂ, ಸರ್.”

“ನಿನ್ನ ಮನೆಯಲ್ಲಿ ಯಾರೂ ಇಲ್ಲವೋ?”

ಆಗ ಜೂನ್. ಪ್ರತಿ ವರ್ಷದಂತೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಇವನ ಅಪ್ಪ ಬೈತಖೋಲ ಬಂದರಿನಿಂದ ಹೊರಡುವ ಬೋಟಿನಲ್ಲಿ ಕೂಲಿಗೆ ಹೋಗುವವರು. ಹುಡುಗ ಹಾಳೆಯನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಕೊನೆಗೆ ಅದರ ಹಿಂಬದಿಯಲ್ಲೇ ಬರೆದ. ಅವನ ಅಕ್ಷರ ಎಡಕ್ಕೆ ವಾಲುತ್ತದೆ. ‘ಎರಡು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿ ಕುಳಿತು, ಸಣ್ಣದಕ್ಕೂ ಸಿಟ್ಟಾಗುವ ಅಪ್ಪಂದಿರಿಗಾಗಿ.’ ಯಾರೂ ನಗಲಿಲ್ಲ. ಪಕ್ಕದಲ್ಲಿದ್ದವನು ಮಾತ್ರ, “ಅಮ್ಮಂದಿರಿಗಾಗಿಯೂ ಎಂದು ಸೇರಿಸು” ಎಂದ.

ಯಂತ್ರಕ್ಕೆ ಪ್ರಾರ್ಥನೆ ಬರುವುದಿಲ್ಲ ಎಂದು ನಾನು ಮಕ್ಕಳಿಗೆ ಹೇಳಲಿಲ್ಲ. ಭಾಷೆಯ ಮಟ್ಟಿಗೆ ಅದಕ್ಕೆ ಬರುತ್ತದೆ. ಆದರೆ ಅದಕ್ಕೆ ಬೈತಖೋಲದಲ್ಲಿ ಅಪ್ಪನಿಲ್ಲ.

ಎಲ್ಲವೂ ಹೀಗೆ ಸಲೀಸಾಗಿ ನಡೆಯಲಿಲ್ಲ. ಬಂದರು ವಿಸ್ತರಣೆಯ ವಿಷಯ ನಮ್ಮ ಕರಾವಳಿಯಲ್ಲಿ ಬೂದಿ ಮುಚ್ಚಿದ ಕೆಂಡ. ಸಾಗರಮಾಲಾ ಯೋಜನೆಯ ಕಾಮಗಾರಿಯ ವಿರುದ್ಧ 2020ರ ಜನವರಿಯಲ್ಲಿ ಕಾರವಾರದ ಮೀನುಗಾರರು ಬೀದಿಗಿಳಿದದ್ದು ಮಕ್ಕಳಿಗೂ ನೆನಪಿದೆ. ಒಂದು ವಾರ ಅವರು ಬರೆದದ್ದು ಬಿನ್ನಹವಾಗಿರಲಿಲ್ಲ, ಸರ್ಕಾರಕ್ಕೆ ಕೊಡುವ ಮನವಿಯಾಗಿತ್ತು. ನಾನೂ ಉತ್ಸಾಹದಲ್ಲಿ ಬಿಟ್ಟುಬಿಟ್ಟೆ. ಪೂಜೆಯ ನಂತರ ಹಿರಿಯರೊಬ್ಬರು ತಡೆದು ನಿಲ್ಲಿಸಿ, “ಬಲಿಪೀಠದ ಮುಂದೆ ರಾಜಕೀಯ ಬೇಡ” ಎಂದರು. ಆಳುವವರಿಗಾಗಿ ಪ್ರಾರ್ಥಿಸಿರೆಂದು ಬೈಬಲಿನಲ್ಲಿ ತಿಮೊಥೇಯನಿಗೆ ಬರೆದ ಪತ್ರದಲ್ಲೇ ಇದೆಯಲ್ಲ ಎಂದು ವಾದಿಸಿದೆ. “ಅವರಿಗಾಗಿ ಪ್ರಾರ್ಥಿಸು ಎಂದಿದೆ, ದೇವರ ನೆಪದಲ್ಲಿ ಅವರಿಗೆ ಬೈ ಎಂದಿಲ್ಲ” ಎಂದರು. ಉತ್ತರ ಹೊಳೆಯಲಿಲ್ಲ. ಮುಂದಿನ ಶನಿವಾರ ಜಗುಲಿಯಲ್ಲಿ ನೋಡಿದರೆ, ದೋಣಿಯ ಮನೆಯ ಮಗ ಮತ್ತು ಬಂದರಿನಲ್ಲಿ ಕೆಲಸಕ್ಕಿರುವವರ ಮಗಳು ಒಂದೇ ಚಾಪೆಯ ಮೇಲಿದ್ದರು. ಇಬ್ಬರನ್ನೂ ಸೇರಿಸಿ ಬರೆಸಿದೆ: ‘ಕಡಲನ್ನೇ ನಂಬಿದವರಿಗಾಗಿ, ಬಂದರಿನಲ್ಲಿ ಅನ್ನ ಹುಡುಕುವವರಿಗಾಗಿ, ಇವರಿಬ್ಬರ ಬದುಕಿನ ಬಗ್ಗೆ ತೀರ್ಮಾನಿಸುವವರಿಗಾಗಿ.’ ಇದು ನುಣುಚಿಕೊಳ್ಳುವ ಉಪಾಯವೇ ಎಂಬ ಅನುಮಾನ ನನಗೆ ಇನ್ನೂ ಪೂರ್ತಿ ಹೋಗಿಲ್ಲ.

ಸುದ್ದಿ ಹೇಗೋ ಚರ್ಚಿನ ಆಚೆಗೂ ಹೋಯಿತು. ಬಂಗುಡೆ ಅಳೆದು ಹಾಕುತ್ತ ಮೀನು ಮಾರುಕಟ್ಟೆಯ ಅಕ್ಕ, “ತಮ್ಮಾ, ಮಗನಿಗೆ ಎಸ್‌ಎಸ್‌ಎಲ್‌ಸಿ. ಅಮ್ಮನವರಿಗೆ ಹರಕೆ ಹೇಳಿಕೊಂಡಿದ್ದೇನೆ. ನಿಮ್ಮಲ್ಲೂ ಒಂದು ಮಾತು ಹೇಳಿಸಿಬಿಡು” ಎಂದಳು. ಹೇಳಿಸಿದೆವು. ನನ್ನ ಅಜ್ಜಿಯ ಕೋರಿಕೆ ಮಾತ್ರ ಇನ್ನೂ ಬಾಕಿ. ಅಂಜುದೀವ್ ದ್ವೀಪದ ಚರ್ಚಿನ ಹಬ್ಬಕ್ಕೆ ಹಿಂದೆ ಇಲ್ಲಿಂದ ದೋಣಿಯಲ್ಲಿ ಹೋಗುತ್ತಿದ್ದರು, ಈಗ ದ್ವೀಪ ನೌಕಾಪಡೆಯ ವಶದಲ್ಲಿದೆ. ಸಾಯುವ ಮೊದಲು ಇನ್ನೊಮ್ಮೆ ಹೋಗಬೇಕು ಎಂಬುದನ್ನು ಎರಡು ಸಾಲಿನಲ್ಲಿ ಹೇಗೆ ಬರೆಯುವುದೋ ಮಕ್ಕಳಿಗೂ ತಿಳಿಯುತ್ತಿಲ್ಲ.

2025ರ ಸೆಪ್ಟೆಂಬರ್ 7ರಂದು ರೋಮಿನಲ್ಲಿ ಕಾರ್ಲೊ ಅಕುಟಿಸ್‌ನನ್ನು ಸಂತನೆಂದು ಘೋಷಿಸಿದಾಗ ಮಕ್ಕಳಿಗೆ ಹಬ್ಬ. ಹದಿನೈದನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ, ಕಂಪ್ಯೂಟರ್ ಬಲ್ಲ, ಜೀನ್ಸ್ ತೊಟ್ಟ ಸಂತ. ಅವನ ಸ್ನೀಕರ್ಸ್ ಯಾವ ಕಂಪನಿಯದು ಎಂಬುದೇ ಅವರ ಮೊದಲ ಪ್ರಶ್ನೆ. ವಿಡಿಯೊ ಆಟಕ್ಕೆ ಅವನು ವಾರಕ್ಕೆ ಒಂದೇ ಗಂಟೆ ಎಂದು ಮಿತಿ ಹಾಕಿಕೊಂಡಿದ್ದ ಎಂದಾಗ ಮಾತ್ರ ಜಗುಲಿ ತಣ್ಣಗಾಯಿತು. ಒಬ್ಬಳು ನಿಧಾನಕ್ಕೆ ಬಿಸ್ಕತ್ತಿನ ಡಬ್ಬದ ಕಡೆ ನೋಡಿದಳು.

ಮುದ್ರಿಸಿದ ಹಾಳೆ ತಂದಿದ್ದ ಹುಡುಗ ಈಗ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾನೆ. ಕಳೆದ ಶನಿವಾರ ಆರೂವರೆಗೆ ಡಬ್ಬ ತೆರೆದಾಗ ಅವನ ಸಂದೇಶ ಬಂದು ಒಂದು ಗಂಟೆಯಾಗಿತ್ತು. ಹಾಸ್ಟೆಲ್‌ನಲ್ಲಿ ಅವನ ಕೋಣೆಯ ಹುಡುಗ ಮೂರು ದಿನದಿಂದ ಊಟ ಬಿಟ್ಟಿದ್ದಾನೆ, ಕಾರಣ ಹೇಳುತ್ತಿಲ್ಲ, ಹೆಸರು ಬೇಡ, ಆದರೆ ಸೇರಿಸಿ ಸರ್. ಮೊದಲು ವಾರ್ಡನ್‌ಗೆ ತಿಳಿಸು ಎಂದು ಬರೆದು ಕಳುಹಿಸಿದೆ. ಹಾಳೆ ಆಗಲೇ ಫಾದರ್ ಮೇಜಿನ ಮೇಲಿತ್ತು. ವಾಪಸ್ಸು ಹೋದೆ. ಅವರು ಏನೂ ಕೇಳದೆ ಪೆನ್ನು ಕೊಟ್ಟು, ಬರೆಯಲು ಜಾಗ ಬಿಟ್ಟು ಪಕ್ಕಕ್ಕೆ ಸರಿದರು.