ಕಡಲ ಕರೆಯಲ್ಲಿ ಬಿಸಿಗಾಳಿ ಬಲೂನು: ಗಾಳಿ ಇದ್ದಾಗ ಏನು ಮಾಡಬೇಕು

ಬಿಸಿಗಾಳಿ ಬಲೂನಿಗೆ ಸ್ಟಿಯರಿಂಗ್ ಇಲ್ಲ. ಏರಿ ಇಳಿದು ಬೇರೆ ದಿಕ್ಕಿನ ಗಾಳಿ ಹುಡುಕುವುದಷ್ಟೇ ಪೈಲಟ್ ಕೈಯಲ್ಲಿರುವುದು. ಒಳನಾಡಿನಲ್ಲಿ ಸೂರ್ಯೋದಯದ ಹೊತ್ತು ಹಾರಲು ಒಳ್ಳೆಯದು. ಕಾಸರಗೋಡು ಜಿಲ್ಲೆಯ ಬೇಕಲ, ಪಳ್ಳಿಕೆರೆಯ ಕಡಲ ಕರೆಯಲ್ಲಿ ಅದೇ ಹೊತ್ತಿಗೆ ನೆಲಗಾಳಿ ಪಡುವಣಕ್ಕೆ ಬೀಸುತ್ತದೆ. ಹಗ್ಗ ಬಿಚ್ಚಿದರೆ ಬಲೂನು ಅರಬ್ಬೀ ಸಮುದ್ರದ ಮೇಲೆ. ಮಧ್ಯಾಹ್ನದ ಕಡಲಗಾಳಿ ಒಳಕ್ಕೆ ತಳ್ಳುತ್ತದೆ ನಿಜ, ಆದರೆ ಅಲ್ಲಿ ತೆಂಗು, ಕಂಗು, ಕರೆಂಟ್ ತಂತಿ. ಹಾಗಾಗಿ ಇಲ್ಲಿ ಹಗ್ಗ ಕಟ್ಟಿಯೇ ಏರಿಸಬೇಕು.

ಹಗ್ಗ ಕಟ್ಟಿದ ಮೇಲೆ ಭಯವಿಲ್ಲ ಎನ್ನುವವರು ಬಹಳ. ಅದು ಅಪಾಯದ ಮಾತು. ಬಿಟ್ಟ ಬಲೂನು ಗಾಳಿಯ ಜೊತೆಗೇ ಸಾಗುತ್ತದೆ, ಕಟ್ಟಿದ್ದು ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ. ಗಾಳಿ ಬೀಸುವ ಕಡೆಯ ಬಟ್ಟೆ ಒಳಕ್ಕೆ ಗುಳಿ ಬೀಳುತ್ತದೆ, ಬಿಸಿಗಾಳಿ ಬಾಯಿಂದ ಹೊರಬೀಳುತ್ತದೆ, ಬರ್ನರ್ ಜ್ವಾಲೆ ನೈಲಾನಿಗೆ ತಾಗಬಹುದು. ವೇಗ 10ರಿಂದ 20 ಕಿ.ಮೀ.ಗೆ ಏರಿದರೆ ಒತ್ತಡ ಎರಡಲ್ಲ, ನಾಲ್ಕು ಪಟ್ಟು. ತಯಾರಕರ ಕೈಪಿಡಿಯ ಮಿತಿಯನ್ನು ಮೀರಲೇಬಾರದು. ಗಂಟೆಗೆ 10–12 ಕಿ.ಮೀ. ದಾಟಿದರೆ ಇಳಿಸಿಬಿಡುವುದು ನಮ್ಮ ಸಲಹೆ.

ತೋಟದ ಮರೆಯಲ್ಲಿ ನಿಂತು ಗಾಳಿ ಅಳೆಯಬೇಡಿ. ಒಂದು ಸಣ್ಣ ಹೀಲಿಯಂ ಬಲೂನು ಬಿಟ್ಟು ನೋಡಿ: ತೆಂಗಿನ ಮಡಲಿನ ಎತ್ತರದವರೆಗೆ ನೆಟ್ಟಗೆ ಏರಿ, ತಲೆ ದಾಟಿದ್ದೇ ಪಕ್ಕಕ್ಕೆ ಓಡಿದರೆ ಮೇಲೆ ಬೇರೆಯೇ ಗಾಳಿ ಇದೆ. ಅಳೆಯುವ ಮೀಟರನ್ನು ಬಯಲಿನಲ್ಲಿ ಹತ್ತು ನಿಮಿಷ ಹಿಡಿದು, ಸರಾಸರಿಯನ್ನಲ್ಲ, ಅತಿ ಜೋರಿನ ಬೀಸನ್ನು ಲೆಕ್ಕಕ್ಕೆ ಹಿಡಿಯಿರಿ.

ಮೂರು ಹಗ್ಗ, ತ್ರಿಕೋನದಲ್ಲಿ, ಭಾರದ ವಾಹನಗಳಿಗೆ. ಹೊಯ್ಗೆಯಲ್ಲಿ ಹೊಡೆದ ಗೂಟ ಕಿತ್ತು ಬರುತ್ತದೆ. ಮೇಲಿನ ತುದಿ ಬುಟ್ಟಿಯ ಬೆತ್ತಕ್ಕಲ್ಲ, ಉಕ್ಕಿನ ತಂತಿಗಳು ಸೇರುವ ಕ್ಯಾರಬಿನರ್ ಎಂಬ ಲೋಹದ ಕೊಂಡಿಗೆ.

ಬುಟ್ಟಿ ರಭಸದಿಂದ ನೆಲ ಮುಟ್ಟುವಂತಿದ್ದರೆ ಸಾಗುವ ದಿಕ್ಕಿಗೆ ಬೆನ್ನು ಮಾಡಿ, ಮೊಣಕಾಲು ತುಸು ಬಗ್ಗಿಸಿ, ಒಳಗಿನ ಹಗ್ಗದ ಹಿಡಿಕೆ ಹಿಡಿದುಕೊಳ್ಳಿ. ಗ್ಯಾಸ್ ಪೈಪನ್ನು ಹಿಡಿಯಬೇಡಿ. ಬುಟ್ಟಿ ಮಗುಚಿದರೂ ಪೈಲಟ್ ಹೇಳುವ ತನಕ ಇಳಿಯಬೇಡಿ. ಒಬ್ಬರ ಭಾರ ಕಡಿಮೆಯಾದರೂ ಬಲೂನು ಮತ್ತೆ ಮೇಲೇಳುತ್ತದೆ.

ಕೆಳಗೆ ಹಗ್ಗ ಹಿಡಿಯುವವರು ಗ್ಲೌಸ್ ಹಾಕಿರಬೇಕು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ಕಾಲು ನೆಲ ಬಿಡುತ್ತಿದೆ ಅನ್ನಿಸಿದ ಕ್ಷಣವೇ ಕೈಬಿಡಿ.