ಎರಡು ಬೀಪ್ ಬಂದರೆ ಗೆದ್ದಂತೆ: ಬಿಬಿಸಿ ಮೈಕ್ರೋ ಜೊತೆ ನನ್ನ ಅನುಭವ

ಬಿಬಿಸಿ ಮೈಕ್ರೋ ಎಂಬ ಹಳೆಯ ಕಂಪ್ಯೂಟರನ್ನು ಆನ್ ಮಾಡಿದರೆ ಎರಡು ಸದ್ದು ಬರಬೇಕು. ಮೊದಲು ಗಡಸು ದನಿಯ ಒಂದು ಬೀಪ್, ಅದರ ಬೆನ್ನಿಗೇ ಮೇಲಿನ ಸ್ಥಾಯಿಯ ಚುಟುಕು ಬೀಪ್. ಮೊದಲನೆಯದು ಸೌಂಡ್ ಚಿಪ್ ತನ್ನಷ್ಟಕ್ಕೇ ಕಿರುಚುವುದು, ಅದಕ್ಕೆ ಕರೆಂಟು ಸಿಕ್ಕರೆ ಸಾಕು. ಅದರ ಬಾಯಿ ಮುಚ್ಚಿಸುವುದು ಪ್ರೊಸೆಸರ್. ರೋಮ್ ಎಂಬ ಅಳಿಯದ ನೆನಪಿನ ಚಿಪ್ಪಿನಲ್ಲಿರುವ ಆಪರೇಟಿಂಗ್ ಸಿಸ್ಟಮ್ ಓಡತೊಡಗಿದ ಮೇಲೆ ಸೌಂಡ್ ಚಿಪ್ಪನ್ನು ಸುಮ್ಮನಾಗಿಸಿ, ‘ನಾನು ಎದ್ದೆ’ ಎಂದು ಎರಡನೇ ಬೀಪ್ ಕೊಡುತ್ತದೆ. ನನ್ನ ಕೈಗೆ ಬಂದ ಯಂತ್ರ ಮೊದಲನೇ ಬೀಪನ್ನೇ ನಿಲ್ಲಿಸದೆ ಊದುತ್ತಿತ್ತು.

ಇದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಎಂಟು ಬಿಟ್‌ನ ಕಂಪ್ಯೂಟರ್. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, ಮಾಡೆಲ್ ಬಿ ಆದರೆ 32 ಕೆಬಿ ರ್‍ಯಾಮ್. ನಮ್ಮ ದೇಶಕ್ಕೂ ಇದಕ್ಕೂ ಹಳೆಯ ನಂಟು. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಕಂಪ್ಯೂಟರ್ ತಂದಾಗ ಆರಿಸಿದ್ದು ಇದನ್ನೇ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಇದನ್ನು ಇಲ್ಲಿಯೇ ಸ್ವಲ್ಪ ಸಂಖ್ಯೆಯಲ್ಲಿ ತಯಾರಿಸಿತ್ತು. ನನ್ನದು ಒಂದು ಶಾಲೆಯ ಸ್ಟೋರ್‌ರೂಮ್ ಖಾಲಿ ಮಾಡಿದಾಗ ಗುಜರಿಗೆ ಹೋಗಿ, ಅಲ್ಲಿಂದ ಮಂಗಳೂರಿನ ನಮ್ಮ ಮನೆಗೆ ಬಂದದ್ದು.

ಹಳೆಯ ಯಂತ್ರ ಸಿಕ್ಕ ಕೂಡಲೇ ಪ್ಲಗ್ ಚುಚ್ಚಬಾರದು. ಪವರ್ ಸಪ್ಲೈ ಡಬ್ಬಿಯೊಳಗೆ, ಮೇನ್ಸ್ ಒಳಬರುವ ಜಾಗದಲ್ಲಿ, ಹಳದಿ ಗಾಜಿನಂತೆ ಕಾಣುವ ಎರಡು ಕಪಾಸಿಟರ್‌ಗಳಿರುತ್ತವೆ. ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ನಲವತ್ತು ವರ್ಷದಲ್ಲಿ ಅವುಗಳ ಹೊದಿಕೆ ಕೂದಲೆಳೆಯಂತೆ ಬಿರುಕು ಬಿಟ್ಟು, ಒಳಗಿನ ಕಾಗದ ತೇವ ಹೀರಿಕೊಂಡಿರುತ್ತದೆ. ಆನ್ ಮಾಡಿದ ಕೆಲವು ನಿಮಿಷಕ್ಕೆ ಪಟ್ ಎಂದು ಒಡೆದು ಕೋಣೆಯಿಡೀ ಕಮಟು ಹೊಗೆ ತುಂಬಿಸುತ್ತವೆ. ನಮ್ಮ ಕರಾವಳಿಯ ಗಾಳಿಯಲ್ಲಂತೂ ಅವನ್ನು ನಂಬುವ ಮಾತೇ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಕ್ಸ್2 ದರ್ಜೆಯ ಕಪಾಸಿಟರ್ ಕೇಳಿದರೆ ಚಿಲ್ಲರೆ ಕಾಸಿಗೆ ಕೊಡುತ್ತಾರೆ. ಮೇನ್ಸ್‌ಗೆ ಅಡ್ಡಲಾಗಿ ಕೂರುವ ಜಾಗ ಅದು, ಆ ದರ್ಜೆಯದ್ದೇ ಆಗಬೇಕು. ಡಬ್ಬಿ ಬಿಚ್ಚುವ ಮುನ್ನ ಒಂದು ಎಚ್ಚರ: ಪ್ಲಗ್ ತೆಗೆದ ಮೇಲೂ ದೊಡ್ಡ ಕಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೀರಿ ಉಳಿದಿರಬಹುದು. ಅಳೆದು, ಇಳಿದಿದೆ ಎಂದು ಖಾತ್ರಿಯಾದ ಮೇಲೆಯೇ ಕೈ ಹಾಕಬೇಕು. ಮೇನ್ಸ್ ಕೆಲಸ ಮಾಡಿ ಗೊತ್ತಿಲ್ಲದವರು ಇದನ್ನು ಗೊತ್ತಿರುವವರ ಕೈಗೆ ಕೊಡುವುದೇ ಸರಿ.

ಸಪ್ಲೈ ಸರಿಯಾದ ಮೇಲೆ ಬೋರ್ಡಿನ ಮೇಲೆಯೇ ಮಲ್ಟಿಮೀಟರ್ ಇಟ್ಟೆ. 4.75ರಿಂದ 5.25 ವೋಲ್ಟ್ ನಡುವೆ ಇರಬೇಕು, ಇತ್ತು. ಆದರೂ ಅದೇ ಉದ್ದನೆಯ ಬೀಪ್. ಅಂದರೆ ಪ್ರೊಸೆಸರ್ ಓಡುತ್ತಿಲ್ಲ, ಇಲ್ಲವೇ ಓದಬೇಕಾದದ್ದು ಅದಕ್ಕೆ ಸಿಗುತ್ತಿಲ್ಲ.

ಈ ಹಂತದಲ್ಲಿ ಹಲವರು ಹೊಸ ಚಿಪ್‌ಗಳಿಗೆ ಆರ್ಡರ್ ಹಾಕಿಬಿಡುತ್ತಾರೆ. ನನ್ನ ಮಟ್ಟಿಗೆ ಅದು ದಂಡದ ಖರ್ಚು. 6502ರ ಹೊಸ ತಲೆಮಾರು ಈಗಲೂ ಅಮೆರಿಕದ ವೆಸ್ಟರ್ನ್ ಡಿಸೈನ್ ಸೆಂಟರ್‌ನಿಂದ ಬರುತ್ತದೆ ನಿಜ. ಆದರೆ ಹಳೆಯದರ ಮೊದಲನೇ ಕಾಲು ಗ್ರೌಂಡ್, ಹೊಸದರಲ್ಲಿ ಅದೇ ಕಾಲು ಔಟ್‌ಪುಟ್. ಹಾಗೆಯೇ ಚುಚ್ಚಿದರೆ ಔಟ್‌ಪುಟ್ ನೇರ ಗ್ರೌಂಡಿಗೆ ಶಾರ್ಟ್. ಹೊಸದು ತರುವ ಮೊದಲು ಇದ್ದದ್ದನ್ನು ಎತ್ತಿ ನೋಡಬೇಕು. ಈ ಬೋರ್ಡಿನಲ್ಲಿ ದೊಡ್ಡ ಚಿಪ್‌ಗಳೆಲ್ಲ ಸಾಕೆಟ್‌ನಲ್ಲಿ ಕೂತಿರುವುದೇ ನಮ್ಮ ಪುಣ್ಯ.

ಆಪರೇಟಿಂಗ್ ಸಿಸ್ಟಮ್ ರೋಮನ್ನು ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಮೀಟಿ ಎತ್ತಿದೆ. ಹೊರಬಿದ್ದ 28 ಕಾಲುಗಳಲ್ಲಿ ಬೆಳ್ಳಿಯ ಹೊಳಪು ಎಲ್ಲೂ ಇರಲಿಲ್ಲ, ಹಳೇ ಕಾಲ್ಗೆಜ್ಜೆಯ ಹಾಗೆ ಕಪ್ಪಿಟ್ಟಿದ್ದವು. ಫೈಬರ್‌ಗ್ಲಾಸ್ ಪೆನ್ನಿನಿಂದ ಒಂದೊಂದೇ ಕಾಲನ್ನು ಮೇಲಿನಿಂದ ಕೆಳಕ್ಕೆ ಉಜ್ಜಿದೆ. ಅಡ್ಡಡ್ಡ ಉಜ್ಜಿದರೆ ಮುರಿಯುತ್ತದೆ. ಸಾಕೆಟ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಒಣಗಿಸಿ, ಚಿಪ್ಪನ್ನು ಕೂರಿಸಿ ಎತ್ತಿ ಮತ್ತೆ ಕೂರಿಸಿದೆ. ಪ್ರೊಸೆಸರ್‌ಗೂ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ರೋಮ್‌ಗೂ ಅದೇ ಉಪಚಾರ. ಆನ್ ಮಾಡಿದರೆ ಎರಡೂ ಬೀಪ್ ಬಂತು. ಮನೆಯವರೆಲ್ಲ ಬಂದು ನೋಡುವಷ್ಟು ಕೂಗಿದೆ.

ಬಂದವರಿಗೆ ಪರದೆಯ ಮೇಲೆ ಕಂಡದ್ದು ಚೂರುಚೂರಾದ ಕಸ. ಆನ್ ಆದಾಗ ಈ ಯಂತ್ರ ಮೋಡ್ 7ರಲ್ಲಿ ಎದ್ದೇಳುತ್ತದೆ. ಅದು ಟೆಲಿಟೆಕ್ಸ್ಟ್ (ಟಿವಿಯಲ್ಲಿ ಅಕ್ಷರದ ಪುಟ ತೋರಿಸುವ ಪದ್ಧತಿ) ಪರದೆ, ಇಡೀ ಪುಟಕ್ಕೆ 1 ಕೆಬಿ ಮಾತ್ರ ಸಾಕು, ಅಕ್ಷರ ಬರೆಯುವುದು ಎಸ್‌ಎಎ5050 ಎಂಬ ಬೇರೆಯೇ ಚಿಪ್. ಉಳಿದ ಮೋಡ್‌ಗಳು ಆ ಚಿಪ್ಪಿನ ಹಂಗಿಲ್ಲದೆ ಚುಕ್ಕೆ ಚುಕ್ಕೆಯಾಗಿ ಚಿತ್ರ ಬಿಡಿಸುತ್ತವೆ. ಹಾಗಾಗಿ ಕಸದ ನಡುವೆಯೇ ಕುರುಡಾಗಿ ‘ಮೋಡ್ 4’ ಎಂದು ಟೈಪ್ ಮಾಡಿ ರಿಟರ್ನ್ ಒತ್ತಿದೆ. ಕಸ ಮಾಯವಾಗಿ ಮೂಲೆಯಲ್ಲಿ ಸ್ಫುಟವಾದ ಬಾಣದ ಗುರುತು ನಿಂತಿತು. ಒಂದೇ ಆಜ್ಞೆಗೆ ಪ್ರೊಸೆಸರ್, ರ್‍ಯಾಮ್, ಕೀಬೋರ್ಡ್, ವಿಡಿಯೋ ಎಲ್ಲವೂ ಪಾಸಾದವು, ದೋಷ ಟೆಲಿಟೆಕ್ಸ್ಟ್ ಮೂಲೆಗೆ ಸೀಮಿತವಾಯಿತು. ಬದಲಿ ಚಿಪ್ಪನ್ನು ಬ್ರಿಟನ್ನಿನಲ್ಲಿರುವ ಗೆಳೆಯ ಊರಿಗೆ ಬರುವಾಗ ಜೇಬಿನಲ್ಲಿ ಹಾಕಿಕೊಂಡು ಬಂದ.

ಪರದೆಯ ವಿಷಯಕ್ಕೆ ಹೆಚ್ಚು ಹೇಳುವಂಥದ್ದಿಲ್ಲ. ಬ್ರಿಟನ್ ಕೂಡ ನಮ್ಮ ಹಾಗೆ ಪ್ಯಾಲ್ ಎಂಬ ಟಿವಿ ಪದ್ಧತಿ ಬಳಸುತ್ತಿದ್ದ ದೇಶ, ಹಳೆಯ ಸಿಆರ್‌ಟಿ ಟಿವಿಗೆ ಕಾಂಪೋಸಿಟ್ ತಂತಿ ಕೊಟ್ಟರೆ ಚಿತ್ರ ಬರುತ್ತದೆ. ಆರ್‌ಜಿಬಿಯನ್ನು ಎಚ್‌ಡಿಎಂಐಗೆ ತಿರುಗಿಸುವ, ರಾಸ್ಪ್‌ಬೆರಿ ಪೈ ಝೀರೋ ಮೇಲೆ ನಡೆಯುವ ಪುಟ್ಟ ಬೋರ್ಡು ಹವ್ಯಾಸಿಗಳಲ್ಲಿ ಜನಪ್ರಿಯ. ನಾನೂ ಈಗ ಅದನ್ನೇ ಬಳಸುತ್ತೇನೆ.

ಹಳೆಯ ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಬದಲಿಗೆ ಯೂಸರ್ ಪೋರ್ಟಿಗೆ ಎಸ್‌ಡಿ ಕಾರ್ಡ್ ಅಡಾಪ್ಟರ್ ಸಿಕ್ಕಿಸಿ, ಅದರ ತಂತ್ರಾಂಶವನ್ನು ಇಪ್ರೋಮ್‌ಗೆ (ನಾವೇ ಬರೆಯಬಹುದಾದ ರೋಮ್) ಬರೆದು ಖಾಲಿ ಸಾಕೆಟ್ಟಿನಲ್ಲಿ ಕೂರಿಸಿದೆ. 200 ಕೆಬಿಯ 511 ಡಿಸ್ಕುಗಳು ಉಗುರಿನಷ್ಟು ಕಾರ್ಡಿನಲ್ಲಿ! ಇಂಥ ಸೇರ್ಪಡೆ ಮೂಲಕ್ಕೆ ಅಪಚಾರ ಎನ್ನುವವರಿದ್ದಾರೆ. ಒಂದು ತಂತಿಯನ್ನೂ ಕತ್ತರಿಸದೆ ಹಾಕಿ ತೆಗೆಯುವಂತಿದ್ದರೆ ನನಗೆ ಅಡ್ಡಿಯಿಲ್ಲ. ಹಳದಿ ತಿರುಗಿದ ಕವಚವನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುವ ಫ್ಯಾಷನ್ ಮಾತ್ರ ನನಗೆ ಬೇಡ. ವಯಸ್ಸಾದದ್ದು ಹಾಗೆ ಕಂಡರೇನಂತೆ?

ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳದ ಡಬ್ಬದಲ್ಲಿಡುತ್ತೇನೆ, ಆದರೂ ವಾರಕ್ಕೊಮ್ಮೆ ಒಂದಿಷ್ಟು ಹೊತ್ತು ಓಡಿಸುತ್ತೇನೆ. ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನಲ್ಲೇ ಅನುಕರಿಸುವ ಎಮ್ಯುಲೇಟರ್ ಇರುವಾಗ ಇಷ್ಟೆಲ್ಲ ಯಾಕೆ ಎಂದು ಮಗಳು ಕೇಳುತ್ತಾಳೆ. ಕೇಳಿದವಳೇ ಈಗ ಇದರಲ್ಲಿ ಕನ್ನಡ ಬರೆಸುತ್ತಿದ್ದಾಳೆ.

ಏಕಾರ್ನ್‌ನ ಸೋಫಿ ವಿಲ್ಸನ್ ಬರೆದ ಬಿಬಿಸಿ ಬೇಸಿಕ್‌ನಲ್ಲಿ ‘ವಿಡಿಯು 23’ ಎಂಬ ಆಜ್ಞೆ ಇದೆ. ಎಂಟು ಸಾಲು, ಎಂಟು ಕಾಲಮ್ಮಿನ ಚೌಕದಲ್ಲಿ ನಮಗೆ ಬೇಕಾದ ಅಕ್ಷರ ರೂಪಿಸಬಹುದು, ಸಾಲಿಗೊಂದು ಸಂಖ್ಯೆ. ನಾವು ಶುರುಮಾಡಿದ್ದು ‘ಠ’ದಿಂದ, ದುಂಡಗಿದೆ ಎಂಬ ಕಾರಣಕ್ಕೆ. (ಇಂಟರ್ನೆಟ್ಟಿನಲ್ಲಿ ಕನ್ನಡದ ಗಂಧವಿಲ್ಲದವರೂ ದುರುಗುಟ್ಟಿ ನೋಡುವ ಕಣ್ಣಿಗೆ ಬಳಸುವ ಅಕ್ಷರ!) ವಿಡಿಯು 23,224 (224 ಅಂದರೆ ಅಕ್ಷರದ ಸಂಖ್ಯೆ) ಆದ ಮೇಲೆ 255,60,66,153,153,129,66,60. ಮೊದಲ 255 ಅಂದರೆ ಸಾಲಿನ ಎಂಟೂ ಚುಕ್ಕೆ ಹೊತ್ತಿದ, ತಲೆಯ ಮೇಲಿನ ಅಡ್ಡಗೆರೆ; ಎರಡೂ 153ರ ಸಾಲುಗಳ ನಟ್ಟನಡುವೆ ಹೊತ್ತಿದ್ದು ಒಳಗಿನ ಬೊಟ್ಟು. ‘ಝ’, ‘ಋ’ಗಳು ಒಂದು ಚೌಕದಲ್ಲಿ ಹಿಡಿಸಲಿಲ್ಲ, ಅಕ್ಕಪಕ್ಕ ಎರಡು ಚೌಕ ಕೊಟ್ಟೆವು. ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು ಸಾಲೇ ಬೇಕು.

ಸಹಜವಾಗಿ ಸಿಗುವುದು 32 ಅಕ್ಷರಗಳ ಜಾಗ. ಸ್ಟಾರ್ ಎಫ್‌ಎಕ್ಸ್ 20,3 ಎಂಬ ಆಜ್ಞೆ ಕೊಟ್ಟರೆ ಇಂಗ್ಲಿಷ್ ಅಕ್ಷರಗಳಿಗೆ ಕೈಹಚ್ಚದೆ 128ಕ್ಕೆ ಏರಿಸಬಹುದು, ಅದಕ್ಕೆ ತೆರಬೇಕಾದ್ದು 768 ಬೈಟ್ ರ್‍ಯಾಮ್. ಅಷ್ಟರಲ್ಲಿ ಸ್ವರ, ವ್ಯಂಜನ, ಕಾಗುಣಿತದ ಚಿಹ್ನೆಗಳು ಹೇಗೋ ಹೊಂದುತ್ತವೆ. ಒತ್ತಕ್ಷರಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬ ಚರ್ಚೆ ನಮ್ಮಿಬ್ಬರ ನಡುವೆ ನಡೆದಿದೆ. ‘ಙ’ ಬಿಡಲು ಅವಳು ತಯಾರು, ನಾನಲ್ಲ.